ಊರಿಂದ ಸುದ್ದಿ ಬಂತೇನು?

ಎದೆಬಡಿತ ನಿಂತು ಎರಡು ತಾಸು ಕಳೆದ ಮೇಲೂ ಮನುಷ್ಯನನ್ನು ಬದುಕಿಸಬಹುದು ಎಂದು ಇಂದ್ರವ್ವನ ಹರೆಯದ ಕಾಲದಲ್ಲಿ ಯಾರಾದರೂ ಹೇಳಿದ್ದರೆ, ಜನ ಅವನನ್ನೇ ಹಿಡಿದು ದೆವ್ವ ಬಿಡಿಸಲು ಕರೆದೊಯ್ಯುತ್ತಿದ್ದರು. ಈಗ ಅದು ಅವಳ ಗಂಡ ಚನ್ನವೀರಪ್ಪನಿಗೇ ಆಗಿತ್ತು. ಗದಗಿನ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ, ಮೆಂತ್ಯದ ಸಿವುಡಿಗೆ ಚೌಕಾಸಿ ಮಾಡುತ್ತಿದ್ದವನು ಸಿವುಡು ಹಿಡಿದುಕೊಂಡೇ ಕುಸಿದುಬಿದ್ದ. ಪಕ್ಕದಲ್ಲಿದ್ದ ಇಬ್ಬರು ಆಟೋದವರು ವ್ಯಾನು ಬರುವ ತನಕ ಸರದಿಯ ಮೇಲೆ ಅವನ ಎದೆ ಒತ್ತಿದರು. ಆ ಹೊತ್ತಿಗಾಗಲೇ ಎದೆ ಒತ್ತಲು ಬಾರದವರಿಗೆ ಆಟೋ ಲೈಸೆನ್ಸು ಸಿಗದಂಥ ಕಾಲ ಬಂದಿತ್ತು.

ವ್ಯಾನಿನಲ್ಲಿ ಇದ್ದದ್ದು ಜನ ತಂಪು ಪಂಪು ಎಂದು ಕರೆಯುವ ಯಂತ್ರ. ತೊಡೆಯ ರಕ್ತನಾಳದಿಂದ ರಕ್ತವನ್ನು ಹೊರಗೆಳೆದು, ಆಮ್ಲಜನಕ ಬೆರೆಸಿ, ಚಳಿಗಾಲದ ಬಾವಿ ನೀರಿನಷ್ಟು ತಣ್ಣಗೆ ಮಾಡಿ ಮತ್ತೆ ಒಳಗೆ ಬಿಡುವುದು ಅದರ ಕೆಲಸ. ತಣ್ಣಗಾದ ಮೆದುಳು ಅನ್ನ ನೀರು ಏನನ್ನೂ ಬೇಡದೆ ಸುಮ್ಮನೆ ಕಾಯುತ್ತದೆ. ಅಷ್ಟರಲ್ಲಿ ವೈದ್ಯರು ಹೃದಯದ ಕೆಟ್ಟ ಭಾಗವನ್ನು ಸರಿಮಾಡಿ, ಮೈಯನ್ನು ಮೆಲ್ಲಗೆ ಬೆಚ್ಚಗಾಗಿಸಿ, ನಿಂತದ್ದನ್ನು ಮತ್ತೆ ಶುರು ಮಾಡುತ್ತಾರೆ. ಮೊದಲೆಲ್ಲ ಎದೆಬಡಿತ ನಿಂತವರಲ್ಲಿ ಬದುಕಿ ಮನೆಗೆ ಹೋಗುತ್ತಿದ್ದವರು ಬೆರಳೆಣಿಕೆಯಷ್ಟು. ಈಗ ಅರ್ಧಕ್ಕರ್ಧ ಜನ ಮನೆಗೆ ಹೋಗುತ್ತಿದ್ದರು. ಆದರೆ ಹೋದವರು ಯಾವ ಕಾಲದ ಮನೆಯನ್ನು ಹುಡುಕಿಕೊಂಡು ಹೋಗುತ್ತಾರೆ ಎನ್ನುವ ಹೊಸ ತಾಪತ್ರಯ ಹುಟ್ಟಿಕೊಂಡಿತ್ತು.

ಇದನ್ನು ಇಂದ್ರವ್ವನಿಗೆ ತಿಳಿಸಿ ಹೇಳಿದವಳು ಹುಬ್ಬಳ್ಳಿ ರಸ್ತೆಯ ಸಂಶೋಧನಾ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮುಮ್ತಾಜ್ ಬೆಟಗೇರಿ. ಯಾವಾಗಲೂ ಬಾಯಲ್ಲಿ ಬಡೇಸೋಪು, ಅಂದರೆ ಸೋಂಪಿನ ಕಾಳು, ಜಗಿಯುವ, ನಿದ್ದೆಗೆಟ್ಟ ಕಣ್ಣಿನ ಹೆಣ್ಣುಮಗಳು. ಪರದೆಗಳೇ ತುಂಬಿದ ನಿಯಂತ್ರಣ ಕೋಣೆಯಲ್ಲಿ ಇಂದ್ರವ್ವನನ್ನು ಕೂರಿಸಿಕೊಂಡು ಅವಳು ಹೇಳಿದಳು:

"ಅವ್ವಾರ, ಬಾವ್ಯಾಗ ನೀರು ತಳದಿಂದ ಏರ್ತದ ಹೌದಲ್ರಿ? ತಿರುಗಿ ಬಂದವರ ನೆನಪೂ ಹಂಗ. ಹಳೇದು ಮೊದಲ ಬರ್ತದ, ಹೊಸಾದು ಕಡೀಕ. ಮುಖಾ ಗುರ್ತು ಹಿಡಿಯೂದಂತೂ ಎಲ್ಲಾದ್ರಕಿಂತ ಕಡೀಕ. ಅಲ್ಲೀತನಾ ಅವರಿಗೆ ಧ್ವನಿನ ಆಧಾರ. ನಿಮ್ಮ ಯಜಮಾನರ ನೀರು ಒಂದ ಕಡೆ ಬಂದು ನಿಂತದ."

"ಎಲ್ಲಿ ನಿಂತೈತ್ರಿ?"

"ಅದನ್ನ ನೀವ ಹೇಳಬೇಕು. ಕಣ್ಣು ಬಿಟ್ಟ ಕೂಡಲೇ 'ಊರಿಂದ ಸುದ್ದಿ ಬಂತೇನು' ಅಂತ ಕೇಳಿದ್ರು. ಯಾವ ಊರು? ಏನ್ ಸುದ್ದಿ?"

ಯಾವ ಊರು, ಏನು ಸುದ್ದಿ ಎಂದು ಯೋಚಿಸಬೇಕಾದ ಅಗತ್ಯವೇ ಇಂದ್ರವ್ವನಿಗಿರಲಿಲ್ಲ.

ಆ ವರ್ಷ ಅವಳು ಹೊಂಬಳದಿಂದ ಗದಗಿಗೆ ಬಂದು ಅಕ್ಕ ಪಾರವ್ವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದಳು. ಅಕ್ಕನ ಗಂಡ, ಅವಳು ಮಾಮಾ ಎಂದು ಕರೆಯುತ್ತಿದ್ದ ಚನ್ನವೀರಪ್ಪನಿಗೆ ಗೋಲಿ ಸೋಡಾದ ಸಣ್ಣ ಕಾರ್ಖಾನೆ. ಕಾರ್ಖಾನೆ ಎಂದರೆ ಪಡಸಾಲೆಯಲ್ಲಿ ಒಂದು ಗ್ಯಾಸಿನ ಸಿಲಿಂಡರು, ಕೈಯಿಂದ ತಿರುಗಿಸುವ ಒಂದು ಯಂತ್ರ, ಮತ್ತು ಓಣಿಗೆಲ್ಲ ಕೇಳುವಂಥ ಅವನ ನಗೆ. ಇಂದ್ರವ್ವ ಆಗ ಬರೀ ಇಂದಿ. ಬಾಟಲಿಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಹಸಿರು ಗೋಲಿ ತನಗೆ ಬೇಕೆಂದು ಹಟ ಹಿಡಿದರೆ, "ನುಂಗಿ ಗಿಂಗೀಯಲೇ ಹುಡುಗಿ, ಹೊಟ್ಟ್ಯಾಗ ಸೋಡಾದ ಗಿಡಾ ಬೆಳದೀತು" ಎಂದು ಅವನು ಕಾಡುತ್ತಿದ್ದ. ಹಾಲಿನ ಮೇಲಿನ ಕೆನೆ ಕಂಡರೆ ಅವಳಿಗೆ ವಾಕರಿಕೆ. ಅದು ಗೊತ್ತಿದ್ದೂ ಬೆರಳಿಗೆ ಕೆನೆ ಹಚ್ಚಿಕೊಂಡು ಅವಳ ಹಿಂದೆ ಮನೆತುಂಬ ಓಡುತ್ತಿದ್ದ. ಅಕ್ಕ ಒಲೆಯ ಮುಂದೆ ಕುಳಿತು ಇಬ್ಬರಿಗೂ ಬೈಯುತ್ತಿದ್ದಳು.

ಪಾರವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದಾಗ, ಮನೆಯಲ್ಲಿ ಅಕ್ಕನ ಅತ್ತೆಗೆ ಕೈಯಾಸರೆಯಾಗಲೆಂದು ಇಂದಿ ಗದಗಿನಲ್ಲೇ ಉಳಿದಳು. ಚನ್ನವೀರಪ್ಪ ಒಂದು ಕ್ರೇಟು ತುಂಬ ಕೆಂಪು ಬಣ್ಣದ ಸೋಡಾ ತುಂಬಿ ಮೂಲೆಯಲ್ಲಿಟ್ಟು, "ಗಂಡಾಗ್ಲಿ ಹೆಣ್ಣಾಗ್ಲಿ, ಸುದ್ದಿ ಬಂದ ದಿನ ಓಣಿಗೆಲ್ಲಾ ಪುಕ್ಕಟೆ" ಎಂದು ಸಾರಿದ. ದಿನಾ ಸಂಜೆ ಹೊಂಬಳದ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ: "ಊರಿಂದ ಸುದ್ದಿ ಬಂತೇನು?"

ಸುದ್ದಿ ಬಂತು. ಕೂಸು ಉಳಿಯಿತು, ಅಕ್ಕ ಉಳಿಯಲಿಲ್ಲ. ವರ್ಷ ತುಂಬಿದ ಮೇಲೆ ಹಿರಿಯರು ಕೂಡಿ, ಕೂಸಿಗೆ ಪರರ ಕೈ ಬೇಡವೆಂದು ಇಂದಿಯನ್ನೇ ಅವನಿಗೆ ಕೊಟ್ಟು ಮದುವೆ ಮಾಡಿದರು. ಹಾಗೆ ಮಾಡುವುದು ಆಗ ಮನೆಮನೆಯ ರೂಢಿ, ಅವಳನ್ನಾಗಲಿ ಅವನನ್ನಾಗಲಿ ಯಾರೂ ಕೇಳಲಿಲ್ಲ. ಸೋಡಾ ಯಂತ್ರ ಗುಜರಿಗೆ ಹೋಯಿತು. ಚನ್ನವೀರಪ್ಪ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾದ. ಕುಡಿಯಲಿಲ್ಲ, ಹೊಡೆಯಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ನಗಲೂ ಇಲ್ಲ. ಇಂದ್ರವ್ವ ಅವನನ್ನು "ರೀ" ಎಂದಳು, ಅವನು ಅವಳನ್ನು "ಏ, ಇಲ್ನೋಡು" ಎಂದ. ಅಷ್ಟು ವರ್ಷಗಳಲ್ಲಿ ಪಾರವ್ವನ ಹೆಸರು ಅವರಿಬ್ಬರ ನಡುವೆ ಒಂದು ಸಲವೂ ಬರಲಿಲ್ಲ.

ಇದನ್ನೆಲ್ಲ ಕೇಳಿ ಮುಮ್ತಾಜ್ ಸ್ವಲ್ಪ ಹೊತ್ತು ಬಡೇಸೋಪು ಜಗಿಯುವುದನ್ನೇ ಮರೆತಳು.

"ದೊಡ್ಡ ದುಃಖ ಒಡ್ಡು ಇದ್ದಂಗ್ರಿ ಅವ್ವಾರ," ಎಂದಳು. "ಅದನ್ನ ಹಾರಿ ನೀರು ಮುಂದ ಹೋಗೂದಿಲ್ಲ. ಆ ಸುದ್ದಿ ಅವರಿಗೆ ಮುಟ್ಟಲೇಬೇಕು. ಆರು ವಾರದಾಗ ಮುಟ್ಟಲಿಲ್ಲಂದ್ರ ನರಗಳು ಇದ್ದಲ್ಲೇ ಗಟ್ಟಿ ಆಗಿಬಿಡ್ತಾವು. ಆಮ್ಯಾಲೆ ಅವರು ಕಡೀತನಕಾ ಆ ವರ್ಷದಾಗ ಇರ್ತಾರ."

"ಇವತ್ತ ಹೇಳಿಬಿಡ್ಲೇನ್ರಿ?"

"ಬ್ಯಾಡ, ಬ್ಯಾಡ. ಎದಿ ಇನ್ನೂ ಹಸೀದದ. ಹಿಂತಾ ಸುದ್ದಿ ಕೇಳಿ ನಮ್ಮಲ್ಲೇ ಕೆಲವರ ಎದಿ ಮತ್ತ ನಿಂತದ. ಎರಡನೇ ಸಲ ನಿಂತ್ರ ಪಂಪಿಂದ ಏನೂ ಆಗೂದಿಲ್ಲ. ಅದಕ್ಕ ಒಂದಿಷ್ಟು ದಿನ ನೀವು ಅವರ ಜೋಡಿ ಆ ವರ್ಷದಾಗ ಇರ್ರಿ. ಗಟ್ಟಿ ಆಗಲಿ. ಆಮ್ಯಾಲೆ ಹೇಳೋಣಂತ."

ಹೀಗೆ ಇಂದ್ರವ್ವ, ಮೊಮ್ಮಕ್ಕಳಿದ್ದವಳು, ಮತ್ತೆ ಹೈಸ್ಕೂಲಿನ ಇಂದಿಯಾದಳು.

ಕೇಂದ್ರದವರು ಅವನ ಕೋಣೆಯನ್ನು ಆ ಕಾಲದ್ದನ್ನಾಗಿ ಮಾಡುವ ಏರ್ಪಾಡು ಮಾಡಿದರು. ಅದು ಅಲ್ಲಿಯ ಕ್ರಮ. ಪಕ್ಕದ ಕೋಣೆಯ ಮುದುಕಿಯೊಬ್ಬಳಿಗೆ ಬೀಸುವ ಕಲ್ಲು ಬಂದಿತ್ತು, ಅದರಾಚೆಯವನಿಗೆ ಕಬ್ಬಿಣದ ಟ್ರಂಕು. ಇಂದ್ರವ್ವ ಮನೆಗೆ ಹೋಗಿ ಅಟ್ಟ ಹತ್ತಿ, ಧೂಳು ಮುಚ್ಚಿದ ಹಳೆಯ ಕ್ರೇಟಿನಿಂದ ಒಂದು ಬಾಟಲಿ ತಂದಳು. ಆ ಕಾಲದ ಕಪ್ಪು ಚಂದ್ರಕಾಳಿ ಸೀರೆ ಉಟ್ಟಳು. ಹೇಗೆ ಮಾತಾಡಬೇಕು ಎಂದು ಬಸ್ಸಿನ ದಾರಿಯುದ್ದಕ್ಕೂ ಚಿಂತೆ ಮಾಡಿದಳು. ಚಿಂತೆ ಮಾಡಬೇಕಿರಲಿಲ್ಲ.

"ಯಾರದು? ಇಂದಿ ಏನಲೇ?" ಎಂದ ಚನ್ನವೀರಪ್ಪ, ಮಸುಕು ಕಣ್ಣುಗಳನ್ನು ಬಾಗಿಲ ಕಡೆ ತಿರುಗಿಸಿ. "ಸಾಲಿಗೆ ಚಕ್ಕರ್ ಹೊಡದೇನು? ನಿಮ್ಮಕ್ಕ ಬರ್ಲಿ, ಹೇಳ್ತೀನಿ ತಡಿ."

"ಇವತ್ತ ಸೂಟಿ ಮಾಮಾ," ಎಂದಳು ಅವಳು. ಮಾಮಾ ಎನ್ನುವ ಮಾತು ಬಾಯಿಂದ ಹೊರಬಿದ್ದ ರೀತಿಗೆ ಅವಳೇ ಬೆರಗಾದಳು. ಎಷ್ಟು ವರ್ಷಗಳಿಂದ ಅದು ಒಳಗೆ ಕುಳಿತು ಕಾಯುತ್ತಿತ್ತೋ!

ಬಾಟಲಿಯನ್ನು ಅವನ ಕೈಗಿಟ್ಟಳು. ಅವನು ಅಲುಗಾಡಿಸಿದ. ಗೋಲಿ ಕಣಕಣ ಎಂದಿತು. "ಕೊಡೂದಿಲ್ಲ," ಎಂದ ಅವನು ಕೂಡಲೇ, ಅವಳು ಕೇಳುವುದಕ್ಕೂ ಮೊದಲೇ. ಇಂದ್ರವ್ವ ನಕ್ಕಳು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. ಗಾಜಿನ ಆಚೆ ನಿಂತಿದ್ದ ನರ್ಸು, ಅವಳು ಅಳುತ್ತಿದ್ದಾಳೆಂದು ತಿಳಿದು ಒಳಗೆ ಇಣುಕಿ ನೋಡಿ ಹೋದಳು.

ನಿಜ ಹೇಳಬೇಕೆಂದರೆ ಆ ದಿನಗಳು ಇಂದ್ರವ್ವನ ಬಾಳಿನಲ್ಲೇ ಸುಖದ ದಿನಗಳಾಗಿದ್ದವು, ಮತ್ತು ಅದಕ್ಕಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಗಂಡ ಸಾವಿನ ಬಾಯಿಂದ ಬಂದು ಮಲಗಿದ್ದಾನೆ, ಇವಳು ಬೆಳಗಾದರೆ ತಲೆಗೆ ಎಣ್ಣೆ ಹಚ್ಚಿಕೊಂಡು ನೆಟ್ಟಗೆ ಬಾಚಿಕೊಂಡು ಹೊರಡುತ್ತಾಳೆ. ಅವನು ಗಣಿತದ ಮಾಸ್ತರರ ನಡಿಗೆ ಅಣಕಿಸುತ್ತಿದ್ದ. ಬಸ್ ಸ್ಟ್ಯಾಂಡಿನ ಹೋಟೆಲಿನ ಮಿರ್ಚಿ ಭಜಿಯನ್ನು ನೆನೆದು ಬಾಯಿ ಚಪ್ಪರಿಸುತ್ತಿದ್ದ. ಅವಳು ಮರೆತೇ ಹೋಗಿದ್ದ ಓಣಿಯೊಂದು ಅವನ ಬಾಯಲ್ಲಿ ಮತ್ತೆ ಎದ್ದು ನಿಲ್ಲುತ್ತಿತ್ತು: ಕಟ್ಟೆಯ ಮೇಲೆ ಹತ್ತಿ ಬಿಡಿಸುವ ಮುದುಕಿಯರು, ನಳದ ಮುಂದಿನ ಕೊಡಗಳ ಸಾಲು, ಸೋಡಾ ಒಡೆದಾಗಿನ ಆ ಟಪ್ ಎನ್ನುವ ಸದ್ದು. ಆದರೆ ಸಂಜೆ ಐದರ ಸುಮಾರಿಗೆ ಮಾತ್ರ ತಪ್ಪದೆ ಆ ಪ್ರಶ್ನೆ ಬರುತ್ತಿತ್ತು.

"ಊರಿಂದ ಸುದ್ದಿ ಬಂತೇನು?"

"ಇನ್ನೂ ಇಲ್ಲ ಮಾಮಾ."

ನಾಲ್ಕನೆಯ ವಾರಕ್ಕೆ ಎದೆ ಗಟ್ಟಿಯಾಗಿದೆ ಎಂದಳು ಮುಮ್ತಾಜ್. ಇಂದ್ರವ್ವ ಇನ್ನೆರಡು ದಿನ ತಾಳಿರಿ ಎಂದಳು. ಎರಡು ದಿನ ಕಳೆದ ಮೇಲೆ, ಅವತ್ತು ಅಮಾವಾಸ್ಯೆ ಎಂದಳು. ಆಮೇಲೆ ಅವನಿಗೆ ನೆಗಡಿ ಎಂದಳು. ಇದೇ ಹೊತ್ತಿಗೆ ಚನ್ನವೀರಪ್ಪನೂ ಒಂದು ತಕರಾರು ತೆಗೆದ. ಮಲಗುವಾಗ ತಲೆಗೆ ತೊಡಿಸುವ ತಂತಿಯ ಜಾಲ, ನೆನಪು ಎಲ್ಲಿಯ ತನಕ ಏರಿದೆ ಎಂದು ಪರದೆಗೆ ತಿಳಿಸುವಂಥದ್ದು, ತುರಿಸುತ್ತದೆಂದು ಕಿತ್ತೆಸೆದ. ಎಷ್ಟು ಹೇಳಿದರೂ ತೊಡಲಿಲ್ಲ. ನಿಯಂತ್ರಣ ಕೋಣೆಯಲ್ಲಿ ಅವನ ಪಾಲಿನ ಪರದೆ ಖಾಲಿಯಾಗಿ ಉಳಿಯಿತು.

ಮಗಳು ಸುವರ್ಣಾ ಬಾಗಲಕೋಟೆಯಿಂದ ರಜೆ ಹಾಕಿ ಬಂದಿದ್ದಳು. ಪಾರವ್ವನ ಹೊಟ್ಟೆಯಲ್ಲಿ ಹುಟ್ಟಿ ಇಂದ್ರವ್ವನ ಮಡಿಲಲ್ಲಿ ಬೆಳೆದವಳು. ಅಪ್ಪನ ಕೋಣೆಗೆ ಅವಳಿಗೆ ಪ್ರವೇಶವಿರಲಿಲ್ಲ. ಅಪರಿಚಿತ ಧ್ವನಿ ಕೇಳಿದರೆ ಅವನು ಗಲಿಬಿಲಿಗೊಂಡಾನು ಎಂದು ಕಾರಿಡಾರಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಮನೆಯಲ್ಲಿ, ತಟ್ಟೆಯಲ್ಲಿದ್ದ ರೊಟ್ಟಿ ಮುರಿಯದೆ, ಅವಳು ನೇರವಾಗಿ ಕೇಳಿದಳು:

"ಯಾಕವ್ವಾ ಹೇಳವಲ್ಲಿ? ಅಪ್ಪನ ಪಾಲಿಗೆ ನಾ ಇನ್ನೂ ಹುಟ್ಟೇ ಇಲ್ಲ."

ಇಂದ್ರವ್ವ ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು.

"ಏನಾದ್ರೂ ಆದ್ರ? ಎದಿ ನಿಂತ್ರ?" ಎಂದಳು.

"ಅದೊಂದ ಅಂಜಿಕಿ ಏನು ನಿನಗ?"

ಸುವರ್ಣಾ ಹಾಗೆ ಕೇಳಿದ್ದು ಕೊಂಕಿನಿಂದಲ್ಲ. ಕೇಳಿದವಳ ಕಣ್ಣಲ್ಲಿ ನೀರಿತ್ತು. ಆದರೂ ಇಂದ್ರವ್ವನಿಗೆ ಅದು ನಾಟಿತು. ಹೌದು, ಅದೊಂದೇ ಅಂಜಿಕೆಯಲ್ಲ. ಸುದ್ದಿ ಹೇಳಿದರೆ, ಎದೆ ನಿಲ್ಲದೆ ಉಳಿದರೆ, ನೀರು ಒಡ್ಡು ದಾಟಿ ಏರುತ್ತದೆ. ಆಗ ಬರುವವನು ಎಣ್ಣೆ ಮಿಲ್ಲಿನ ಗುಮಾಸ್ತ. ಮಾಮಾ ಮತ್ತೆ ಹೋಗಿಬಿಡುತ್ತಾನೆ, ಅವನ ಹಿಂದೆ ಇಂದಿಯೂ ಹೋಗುತ್ತಾಳೆ. ಹೇಳದಿದ್ದರೆ ಸುವರ್ಣಾಗೆ ಅಪ್ಪನೇ ಇರುವುದಿಲ್ಲ. ಆರನೆಯ ವಾರ ಮುಗಿಯುತ್ತ ಬಂದಿತ್ತು.

ಅವತ್ತೇ ಸಂಜೆ ಅದು ನಡೆಯಿತು. ಕೇಂದ್ರದವರು ಎರಡು ಲೋಟ ಬಿಸಿ ಹಾಲು ತಂದಿಟ್ಟರು. ಚನ್ನವೀರಪ್ಪ ಯಾವುದೋ ಹಳೆಯ ಬಯಲಾಟದ ವೇಷಧಾರಿಯ ಮೀಸೆ ಕಳಚಿ ಬಿದ್ದ ಕಥೆ ಹೇಳುತ್ತಿದ್ದ. ಹೇಳುತ್ತಲೇ ತನ್ನ ಲೋಟದ ಮೇಲೆ ಕಟ್ಟಿದ್ದ ಕೆನೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಅವಳ ಲೋಟದೊಳಗೆ ಇಳಿಸಿ, ಬೆರಳು ಒರೆಸಿಕೊಂಡು ಕಥೆ ಮುಂದುವರಿಸಿದ.

ಇಂದ್ರವ್ವ ಲೋಟವನ್ನೇ ನೋಡುತ್ತ ಕೂತಳು.

ಇಂದಿಗೆ ಕೆನೆ ಆಗುತ್ತಿರಲಿಲ್ಲ. ಕೆನೆ ರುಚಿಸತೊಡಗಿದ್ದು ಮದುವೆಯಾದ ಮೇಲೆ. ಸುವರ್ಣಾಗೆ ದಡಾರ ಎದ್ದಾಗ ಹಗಲಿರುಳು ಆರೈಕೆ ಮಾಡಿ ಇವಳು ಕಡ್ಡಿಯಾಗಿದ್ದಳು. ಆಗ ಆ ಮಾತಿಲ್ಲದ ಗಂಡ ತನ್ನ ಹಾಲಿನ ಕೆನೆಯನ್ನು ಎತ್ತಿ ಇವಳ ಲೋಟಕ್ಕೆ ಹಾಕತೊಡಗಿದ. ಅಂದಿನಿಂದ ಅದು ತಪ್ಪಿರಲಿಲ್ಲ. ಅವನು ಅವಳಿಗೆ ಬಾಯಿಬಿಟ್ಟು ಹೇಳದ ಎಲ್ಲವೂ ಆ ಕೆನೆಯಲ್ಲೇ ಬರುತ್ತಿತ್ತು, ಅವಳಿಗೂ ಅದು ಗೊತ್ತಿತ್ತು. ಆದರೆ ಆ ವರ್ಷದಲ್ಲೇ ನಿಂತಿರುವ ಮಾಮಾನಿಗೆ ಅದು ಗೊತ್ತಿರುವಂತಿಲ್ಲ.

ಅವಳು ಎದ್ದು ನೆಟ್ಟಗೆ ನಿಯಂತ್ರಣ ಕೋಣೆಗೆ ಹೋದಳು. ಮುಮ್ತಾಜ್ ಎಲ್ಲ ಕೇಳಿಕೊಂಡು ತಲೆಯಾಡಿಸಿದಳು.

"ಅಷ್ಟಕ್ಕ ನಂಬಬ್ಯಾಡ್ರಿ ಅವ್ವಾರ. ಕೈಗೆ ತನ್ನದೇ ನೆನಪು ಇರ್ತದ, ತಲಿಗಿಂತ ಮೊದಲ ಬರ್ತದ. ಸೈಕಲ್ ಹೊಡದಂಗ. ಕೈ ಕೆನಿ ಹಾಕೇದ ಅಂದ್ರ ಮನಸ್ಸಿಗೆ ಎಲ್ಲಾ ಗೊತ್ತಾಗೇದ ಅಂತ ಅಲ್ಲ. ಜಾಲ ಹಾಕ್ಕೊಂಡಿದ್ರ ನಾ ನೋಡಿ ಹೇಳತಿದ್ದೆ."

"ಇಲ್ಲಾಂದ್ರ?"

"ಇಲ್ಲಾಂದ್ರ ಅಪಾಯ ಇದ್ದಷ್ಟ ಅದ. ನಾಳೆ ಮುಂಜಾನೆ ನಮ್ಮ ತಂಡ ಬಾಗಲದಾಗ ನಿಂತಿರ್ತದ. ಹೇಳೂದು ಬಿಡೂದು ನಿಮ್ಮ ಕೈಯಾಗದ. ನಾಡದಕ್ಕ ಆರನೇ ವಾರ ಮುಗೀತದ."

ಮರುದಿನ ಬೆಳಿಗ್ಗೆ ಇಂದ್ರವ್ವ ಚಂದ್ರಕಾಳಿ ಸೀರೆ ಉಡಲಿಲ್ಲ, ದಿನದ ಸೀರೆಯನ್ನೇ ಉಟ್ಟಳು. ಸುವರ್ಣಾಳನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ಅವಳ ತಲೆ ಸವರಿ ಒಳಗೆ ಹೋದಳು. ಗಾಜಿನ ಆಚೆ ಮುಮ್ತಾಜ್ ನಿಂತಿದ್ದಳು. ಚನ್ನವೀರಪ್ಪ ಮಂಚದ ಮೇಲೆ ಎದ್ದು ಕೂತು ಸೋಡಾ ಬಾಟಲಿಯನ್ನು ಕೈಯಲ್ಲಿ ಹೊರಳಿಸುತ್ತಿದ್ದ. ಎದೆಗೆ ಅಂಟಿಸಿದ ತಂತಿಗಳಿಂದ ಪುಟ್ಟ ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು.

ಅವನು ಇವತ್ತು ಆ ಪ್ರಶ್ನೆ ಕೇಳಲಿಲ್ಲ. ಇನ್ನೂ ಅದರ ಹೊತ್ತಾಗಿರಲಿಲ್ಲ. ಅವಳೇ ಶುರು ಮಾಡಿದಳು.

"ಊರಿಂದ ಸುದ್ದಿ ಬಂದೈತಿ ಮಾಮಾ."

ಬಾಟಲಿ ಹೊರಳುವುದು ನಿಂತಿತು.

"ಹೆಣ್ಣ ಹುಟ್ಟೇತಿ. ಚಲೋ ಐತಿ, ಕೆಂಪಗ ಐತಿ." ಅವಳು ಉಸಿರು ಎಳೆದುಕೊಂಡಳು. "ಅಕ್ಕ ಉಳೀಲಿಲ್ಲ."

ಟಿಕ್ ಟಿಕ್ ಸದ್ದು ಜೋರಾಯಿತು. ಮತ್ತೂ ಜೋರಾಯಿತು. ಗಾಜಿನ ಆಚೆ ಯಾರೋ ಗಾಲಿಮಂಚ ಎಳೆದರು. ಇಂದ್ರವ್ವ ಅವನ ಕೈ ಹಿಡಿದುಕೊಂಡಳು. ಮನಸ್ಸಿನಲ್ಲೇ, ಬ್ಯಾಡ, ನಿನಗ ಮಾತಿಲ್ಲದಿದ್ರೂ ಅಡ್ಡಿ ಇಲ್ಲ, ಗುಮಾಸ್ತನಾದ್ರೂ ಅಡ್ಡಿ ಇಲ್ಲ, ಇರು, ಅಂದುಕೊಂಡಳು. ಒಂದು ಬಡಿತ ತಪ್ಪಿತು. ಆಮೇಲೆ ಸದ್ದು ತಡವರಿಸಿ, ತಿದ್ದಿಕೊಂಡು, ಮೆಲ್ಲಗೆ ಒಂದು ಲಯಕ್ಕೆ ಬಂತು.

"ಗೊತ್ತೈತಿ," ಎಂದ ಚನ್ನವೀರಪ್ಪ.

"ಯಾವಾಗಿಂದ?"

"ವಾರದ ಮ್ಯಾಲಾತು. ಒಂದಿನ ಮುಂಜಾನೆ ಎದ್ದೆ, ನಿನ್ನ ಕಾಲುಂಗರದ ಸಪ್ಪಳ ಕೇಳ್ತು. ಸಾಲಿ ಹುಡುಗಿಗೆ ಎಲ್ಲೀದು ಕಾಲುಂಗರಾ ಅಂತ ವಿಚಾರ ಮಾಡಿದೆ. ವಿಚಾರ ಮಾಡಿದ ಮ್ಯಾಲೆ ಎಲ್ಲಾ ಬಂತು. ಒಬ್ಬನ ಕುಂತು ಅತ್ತೆ."

"ಅದಕ್ಕ ಆ ಜಾಲ ಕಿತ್ತ ಒಗದೀರೇನು? ನಾ ಇಲ್ಲಿ ಜೀವಾ ಕೈಯಾಗ ಹಿಡಕೊಂಡು ಕೂತೀನಿ, ನೀವು ಆಟಾ ಆಡಿದ್ರೇನ್ರಿ?"

ಅವನು ತಲೆ ಎತ್ತಿದ. ಮಸುಕು ಹೋಗಿ ಕಣ್ಣುಗಳು ಈಗ ತಿಳಿಯಾಗಿದ್ದವು. ಅವಳ ನೆರೆತ ಕೂದಲು, ಸುಕ್ಕು, ಎಲ್ಲವನ್ನೂ ಅವನು ನೋಡುತ್ತಿದ್ದ.

"ನೀ ನಗತಿದ್ದಿ ಇಂದಿ. ನಿನಗ ನಗಾಕ ಬರ್ತೈತಿ ಅನ್ನೂದ ನಾ ಮರತಿದ್ದೆ. ಎಲ್ಲಾ ನೆನಪಾತು ಅಂತ ಹೇಳಿದ್ರ ನೀ ಮತ್ತ ಸುಮ್ಮನಾಗಿಬಿಡ್ತಿ, ನಾನೂ ಹಂಗ ಆಗಿಬಿಡ್ತೀನಿ ಅಂತ ಅಂಜಿದೆ." ಬಾಟಲಿಯನ್ನು ಮಂಚದ ಮೇಲಿಟ್ಟು ಹೇಳಿದ: "ಆವತ್ತ ಆಕಿ ಹೋದ ಮ್ಯಾಲೆ, ನಿನ್ನ ಜೋಡಿ ನಕ್ರ ಆಕಿಗೆ ಮೋಸ ಮಾಡಿದಂಗ ಅನಸ್ತಿತ್ತು. ಆಮ್ಯಾಲೆ ನಗಬೇಕಂದ್ರೂ ಬರಲಿಲ್ಲ."

"ನನಗೂ ಹಂಗ ಅನಸ್ತಿತ್ತ್ರಿ," ಎಂದಳು ಇಂದ್ರವ್ವ. "ಅಕ್ಕನ ಜಾಗಾದಾಗ ಕುಂತೀನಿ ಅಂತ."

ಪಾರವ್ವನಿಗಾಗಿ ಅವರು ಕೂಡಿ ಅತ್ತದ್ದು ಅದೇ ಮೊದಲು. ಅಲ್ಲಿಯ ತನಕ ಅವನು ಅವನ ಮೂಲೆಯಲ್ಲಿ, ಇವಳು ಇವಳ ಮೂಲೆಯಲ್ಲಿ ಅತ್ತಿದ್ದರು. ಅಕ್ಕ ಬೈಯುತ್ತಿದ್ದ ಮಾತುಗಳನ್ನು ಒಬ್ಬರು ನೆನಪಿಸಿದರೆ ಇನ್ನೊಬ್ಬರು ಪೂರ್ತಿ ಮಾಡಿದರು. ಮುಮ್ತಾಜ್ ಗಾಜಿನ ಆಚೆ ಕೈಸನ್ನೆ ಮಾಡಿ ತಂಡವನ್ನು ಹಿಂದಕ್ಕೆ ಕಳಿಸಿ, ತಾನೂ ಬೇರೆ ಕಡೆ ಮುಖ ಮಾಡಿ ನಿಂತಳು.

"ಒಂದ ಮಾತು," ಎಂದ ಚನ್ನವೀರಪ್ಪ ಕಣ್ಣೊರೆಸಿಕೊಂಡು. "ಹೆಣ್ಣ ಹುಟ್ಟೇತಿ ಅಂತ ಆವತ್ತ ನನಗ ಯಾರೂ ಹೇಳಲಿಲ್ಲ. ಬಂದವರೆಲ್ಲಾ ಸತ್ತ ಸುದ್ದಿನ ಹೇಳಿದ್ರು. ನೀನ ಮೊದಲ ಹೇಳಿದಾಕಿ."

"ಹೇಳಿದ ಮ್ಯಾಲೆ ಸೋಡಾ ಹಂಚಬೇಕಲ್ಲ ಮತ್ತ. ಓಣಿಗೆಲ್ಲಾ ಪುಕ್ಕಟೆ ಅಂದಿದ್ರಿ."

"ಕ್ರೇಟು ಐತೇನು?"

"ಅಟ್ಟದ ಮ್ಯಾಲೆ ಐತ್ರಿ. ಆದ್ರ ಗ್ಯಾಸ್ ಯಾವಾಗಲೋ ಹೋಗಿರ್ತೈತಿ. ಅದು ಹೆಂಗ ಬುರುಗು ಬಂದೀತು?"

ಚನ್ನವೀರಪ್ಪ ಎದೆಯ ಮೇಲಿನ ತಂತಿಗಳನ್ನು ಒಮ್ಮೆ ನೋಡಿಕೊಂಡ. "ಎರಡ ತಾಸು ನಿಂತ ಎದಿ ಚಾಲೂ ಆಗೇತಿ," ಎಂದ. "ಸೋಡಾಕ್ಕೇನ್ ಧಾಡಿ?"

ಇಂದ್ರವ್ವ ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಬಿಟ್ಟುಬಿಟ್ಟಳು. ಅವನೂ ನಕ್ಕ. ಆ ಹಳೆಯ ನಗೆ, ಓಣಿಗೆಲ್ಲ ಕೇಳುವಂಥದ್ದು, ಕೋಣೆಯ ಗಾಜು ದಾಟಿ ಕಾರಿಡಾರಿನ ತುದಿಯ ತನಕ ಹೋಯಿತು.

ಹೊರಗೆ ಬೆಂಚಿನಿಂದ ಯಾರೋ ದಡಬಡಿಸಿ ಎದ್ದ ಸದ್ದು. ಸುವರ್ಣಾ ಗಾಬರಿಯಿಂದ ಕೇಳುತ್ತಿದ್ದುದು ಒಳಗೆ ಇಂದ್ರವ್ವನ ಕಿವಿಗೂ ಬಿತ್ತು: "ಡಾಕ್ಟರ್, ಒಳಗ ನಮ್ಮಪ್ಪನ ಜೋಡಿ ಮತ್ತ ಯಾರದಾರ್ರಿ? ಯಾರ್ರಿ ಅದು ನಗಾಕತ್ತವರು?"

ಇಂದ್ರವ್ವ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಹೋಗಿ ಬಾಗಿಲು ತೆರೆದಳು. ಮಗಳ ಕೈ ಹಿಡಿದುಕೊಂಡಳು.

"ನಿಮ್ಮಪ್ಪ," ಎಂದಳು. "ಬಾ, ಗುರ್ತು ಮಾಡಿಸ್ತೀನಿ."